ಅಂಥ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ

ನನ್ನ ಅಣ್ಣನ ಹೆಂಡತಿಗೆ ವಿದೇಶಿಯರ ಗುರುತಿನ ಕಾರ್ಡು ಮಾಡಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನಗೆ ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ನಮ್ಮ ಮನೆಯವರ ಲೆಕ್ಕದಲ್ಲಿ ವ್ಯಾಕರಣ ಬಂದವರಿಗೆ ಬ್ಯಾಂಕು, ಆಸ್ಪತ್ರೆ, ಪಾಸ್‌ಪೋರ್ಟು, ಗ್ಯಾಸ್ ಸಿಲಿಂಡರು ಎಲ್ಲವೂ ಬರಬೇಕು. ಬರುವುದಿಲ್ಲ ಎಂದರೆ ಸೊಕ್ಕು ಎನ್ನುತ್ತಾರೆ.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರಿನಿಂದ ಆದ ಗದ್ದಲ ನನಗೆ ಸಾಕಾಗಿದೆ.

ಅಣ್ಣ ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ದನಕರುಗಳ ಮೇವಿನ ಹಿಂಡಿ ತಯಾರಿಸುವ ಯಂತ್ರಗಳನ್ನು ಮಾಡುತ್ತಾರೆ. ಯಂತ್ರ ಎಲ್ಲಿಗೆ ಮಾರಾಟವಾಗುತ್ತದೋ ಅಲ್ಲಿಗೆ ಹೋಗಿ ಕೂಡಿಸಿ ಓಡಿಸಿ ಬರುವುದು ಅವನ ಕೆಲಸ. ಒಮ್ಮೆ ವಿಯೆಟ್ನಾಮಿಗೆ ಹೋದವನು ಯಂತ್ರ ಓಡಿದ ಮೇಲೂ ಬರಲಿಲ್ಲ. ಏನೇನೋ ನೆವ ಹೇಳಿದ. ಕೊನೆಗೆ, ಯಂತ್ರ ಕೊಂಡ ಗಿರಣಿಯಲ್ಲಿ ಸಾಮಾನು ಖರೀದಿ ನೋಡಿಕೊಳ್ಳುವ ಹುಡುಗಿಯೊಬ್ಬಳು ತನಗೆ ಹಿಡಿಸಿದ್ದಾಳೆ ಎಂದು ಬಾಯಿಬಿಟ್ಟ. ಅವ್ವ ಒಂದು ವಾರ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಅವಳೇ, "ಆ ಹುಡುಗಿಗೆ ರೊಟ್ಟಿ ತಿನ್ನಾಕ ಬರತೈತೇನ ಕೇಳು" ಎಂದಳು. ಅವ್ವನ ಒಪ್ಪಿಗೆ ಯಾವಾಗಲೂ ಇಂಥದ್ದೇ ಯಾವುದಾದರೂ ಪ್ರಶ್ನೆಯ ವೇಷದಲ್ಲಿ ಬರುತ್ತದೆ.

ಮದುವೆ ಎರಡು ಸಲ ಆಯಿತು. ಮೊದಲು ಅವಳ ಊರಿನಲ್ಲಿ ಸರಕಾರಿ ಕಚೇರಿಯಲ್ಲಿ, ಆಮೇಲೆ ಹುಬ್ಬಳ್ಳಿಯಲ್ಲಿ ನಮ್ಮ ಪದ್ಧತಿಯಂತೆ. ಇಲ್ಲಿಯ ಮದುವೆಯಲ್ಲಿ ಅವ್ವ ಪರಾತದ ತುಂಬ ಅಕ್ಕಿ ಹರಡಿ, ಅಣ್ಣನ ಕೈಗೆ ಉಂಗುರ ಕೊಟ್ಟು, ಸೊಸೆಯ ಹೊಸ ಹೆಸರನ್ನು ಅಕ್ಕಿಯಲ್ಲಿ ಬರೆಸಿದಳು. ನಮ್ಮಲ್ಲಿ ಸೊಸೆಯಾಗಿ ಬಂದವಳಿಗೆ ಗಂಡನ ಮನೆಯಲ್ಲಿ ಬೇರೆ ಹೆಸರಿಡುವುದು ಇವತ್ತಿಗೂ ಇದೆ. ನನ್ನ ಮದುವೆಯಲ್ಲಿ ನಾನು ಗಂಡನ ಮನೆಯವರೊಂದಿಗೆ ಜಗಳಾಡಿ, ಹಳೆಯ ಹೆಸರನ್ನೇ ಅಕ್ಕಿಯಲ್ಲಿ ಬರೆಸಿಕೊಂಡಿದ್ದೆ. ಅದಕ್ಕಾಗಿ ಅವ್ವ ಇನ್ನೂ ನನ್ನನ್ನು ಕ್ಷಮಿಸಿಲ್ಲ. ಅಣ್ಣನ ಹೆಂಡತಿ, ನಮ್ಮ ಕಡೆಯ ಮಾತಿನಲ್ಲಿ ವೈನಿ, ಮಾತ್ರ ನಕ್ಕು ಒಪ್ಪಿಕೊಂಡಳು. ಅವಳ ದೇಶದಲ್ಲಿ ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲವಂತೆ. ಇದು ಮನೆಯವರು ಪ್ರೀತಿಯಿಂದ ಇಟ್ಟ ಇನ್ನೊಂದು ಹೆಸರು ಎಂದು ಅವಳು ತಿಳಿದಳು. ಹಾಗೆ ತಿಳಿದದ್ದು ತಪ್ಪೂ ಅಲ್ಲ.

ಮರುದಿನ ಆ ಅಕ್ಕಿಯನ್ನು ಬೇಯಿಸಿ ಮನೆಯವರೆಲ್ಲ ಉಂಡೆವು. ಹೆಸರು ಬರೆದ ಅಕ್ಕಿಯನ್ನು ಹೊರಗೆ ಕೊಡಬಾರದು ಎಂಬುದು ಅವ್ವನ ನಿಯಮ.

ವೈನಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಅವಳು ಹೊಂದಿಕೊಂಡ ಪರಿ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಬಂದ ಹೊಸದರಲ್ಲಿ ಅವ್ವ ರೊಟ್ಟಿಯ ಜೊತೆ ಹಸಿ ಹಕ್ಕರಕಿ ಸೊಪ್ಪು ಇಟ್ಟಳು. ಬೆಂಗಳೂರಿನ ನೆಂಟರು ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ವೈನಿ ಹಿಡಿ ಹಿಡಿಯಾಗಿ ತಿಂದು ಇನ್ನಷ್ಟು ಕೇಳಿದಳು. ಅವಳ ಊರಿನಲ್ಲೂ ಊಟಕ್ಕೆ ಹಸಿ ಸೊಪ್ಪು ಇರಲೇಬೇಕಂತೆ. ಅವತ್ತಿನಿಂದ ಅವಳು ಅವ್ವನ ಸೊಸೆ, ನಾನು ಧಾರವಾಡದ ಅತಿಥಿ. ಕನ್ನಡವನ್ನೂ ಅವಳು ಓಣಿಯಲ್ಲೇ ಕಲಿತಳು. ಮಾತಿಗೆಲ್ಲ 'ರಿ' ಹಚ್ಚಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅವಳು ಬೀದಿ ನಾಯಿಗೂ "ಹೋಗ್ರಿ, ಆ ಕಡೆ ಹೋಗ್ರಿ" ಎನ್ನುತ್ತಿದ್ದಳು. ನಾಯಿ ಹೋಗುತ್ತಲೂ ಇತ್ತು.

ಇಲ್ಲಿ ಉಳಿಯಬೇಕಾದರೆ ಅವಳು ಪೊಲೀಸರ ವಿದೇಶಿಯರ ವಿಭಾಗದಲ್ಲಿ ನೋಂದಣಿ ಮಾಡಿಸಿ, ವಾಸದ ಪರವಾನಗಿ ಪಡೆಯಬೇಕಿತ್ತು. ಅದು ನಿಜವಾಗಿ ಕಾಗದ, ಮನೆಯಲ್ಲಿ ಮಾತ್ರ ಎಲ್ಲರೂ ಅದನ್ನು ಕಾರ್ಡು ಎನ್ನುತ್ತಿದ್ದೆವು. ಅದಿಲ್ಲದೆ ವೀಸಾದ ಅವಧಿ ಮುಗಿದರೆ ಅವಳು ದೇಶ ಬಿಡಬೇಕು, ಅಷ್ಟೇ. ಅಣ್ಣ ಆ ಹೊತ್ತಿಗೆ ಗುಜರಾತಿನಲ್ಲಿ ಯಂತ್ರ ಕೂಡಿಸುತ್ತಿದ್ದ. ನಾನು ರಜೆಯ ದಿನ ಬಂದು, ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ಪಾಸ್‌ಪೋರ್ಟು, ಅವಳ ಊರಿನ ಮದುವೆ ಪತ್ರ, ಮನೆಯ ಲೈಟ್ ಬಿಲ್ಲು ಎಲ್ಲ ಏರಿಸಿದೆ. ಹೊರಡುವಾಗ ಅವ್ವನಿಗೆ ಹೇಳಿದೆ, "ಪೊಲೀಸರು ಬಂದು ವೈನಿ ಇಲ್ಲೇ ಇರ್ತಾರೋ ಇಲ್ಲೋ ಅಂತ ವಿಚಾರಿಸ್ತಾರ. ಸರಿಯಾಗಿ ಹೇಳು."

"ನನಗ ಹೇಳಿ ಕೊಡ್ತೀ ಏನ?" ಎಂದಳು ಅವ್ವ.

ಆಮೇಲೆ ಒಂದು ದಿನ ನನ್ನ ಮೊಬೈಲಿಗೆ ಸಂದೇಶ ಬಂತು. ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ವಾಸವಿಲ್ಲ, ಕಚೇರಿಗೆ ಬಂದು ಕಾಣತಕ್ಕದ್ದು. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ತಪ್ಪಿತ್ತು, ಅರ್ಥದಲ್ಲಿ ಯಾವ ಸಂದೇಹವೂ ಇರಲಿಲ್ಲ. ಕ್ಲಾಸು ಬಿಟ್ಟು, ಧಾರವಾಡ ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸು ಹತ್ತಿದೆ. ವೈನಿಗೆ ಫೋನು ಮಾಡಿ ಹುಬ್ಬಳ್ಳಿ ಕಡೆಯಿಂದ ಬರಲು ಹೇಳಿದೆ. ಇಬ್ಬರೂ ನಡುದಾರಿಯಲ್ಲಿದ್ದ ಕಚೇರಿಯ ಬಾಗಿಲಲ್ಲಿ ಕೂಡಿದೆವು.

ಅಲ್ಲಿದ್ದ ಅಧಿಕಾರಿ ನಡುವಯಸ್ಸಿನವರು, ಸಾವಧಾನದ ಮನುಷ್ಯ. ನಾನು ಹೋದವಳೇ ಜಗಳಕ್ಕೆ ನಿಂತೆ. ನಿಮ್ಮವರು ಮನೆಗೆ ಬರದೇ ವರದಿ ಬರೆದಿದ್ದಾರೆ, ಓಣಿ ಯಾವುದು ಎಂದಾದರೂ ಅವರಿಗೆ ಗೊತ್ತಿದೆಯೇ ಎಂದೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾಗದ ತಿರುವಿ ಹೇಳಿದರು.

"ಬಂದಾರ್ರಿ ಮೇಡಂ. ನಿಮ್ಮ ಮನ್ಯಾಗ ಚಹಾನೂ ಕುಡದಾರ. ಅಂಥ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ ಅಂತ ಮನಿ ಯಜಮಾನ್ತಿನ ಹೇಳ್ಯಾರ. ಬಾಜೂಕಿನ ಅಂಗಡಿಯವರೂ ಅದನ್ನ ಹೇಳ್ಯಾರ."

ವೈನಿ ನನ್ನ ಪಕ್ಕದಲ್ಲೇ ಕುಳಿತಿದ್ದಳು.

"ಇವರು ನನ್ನ ಮುಂದ ಕುಂತಿದ್ದು ನನಗ ಕಾಣಸ್ತೈತಿ," ಎಂದರು ಅವರು. "ಆದ್ರ ಎಲ್ಲಿ ಇರ್ತಾರ ಅನ್ನೂದು ಇಲ್ಲಿ ಕುಂತು ನನಗ ಕಾಣಂಗಿಲ್ಲ. ಇನ್ನೊಮ್ಮೆ ಕಳಸ್ತೀನಿ. ಆವಾಗೂ ಇಲ್ಲ ಅಂದ್ರ ಅರ್ಜಿ ವಾಪಸ್ ಹೋಗತೈತಿ. ವೀಸಾ ಮುಗೀಲಿಕ್ಕೆ ಬಂದೈತಿ. ಮುಗದ್ರ ಇವರು ಅವರ ದೇಶಕ್ಕ ಹೋಗಬೇಕಾಗತೈತಿ, ನಾ ಏನೂ ಮಾಡಾಕ ಬರಂಗಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ವೈನಿ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ನಾ ಇಲ್ಲಿ ಇಲ್ಲೇನ್ರಿ?" ಎಂದು ಕೇಳಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೊಸೆ ಬೇಡವಾಗಿದ್ದರೆ ಬೇಡ ಎನ್ನಬೇಕಿತ್ತು, ಹೀಗೆ ಪೊಲೀಸರ ಕೈಯಿಂದ ಹೊರಗೆ ಹಾಕಿಸುವುದು ಎಂಥ ರೀತಿ ಎಂದು ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಂಡೆ.

ಅವ್ವ ಆ ಭಾಷಣಕ್ಕೆ ಅವಕಾಶವನ್ನೇ ಕೊಡಲಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ, "ಪೊಲೀಸರು ಇನ್ನೂ ಬಂದಿಲ್ಲ ನೋಡವಾ. ದಿನಾ ದಾರಿ ಕಾಯಾಕತ್ತೇನಿ" ಎಂದಳು.

"ಬಂದು ಚಹಾ ಕುಡಿದು ಹೋಗ್ಯಾರಲ್ಲ!"

"ಅವನೇನ? ಅವ ಬ್ಯಾರೆ ಯಾರನ್ನೋ ಹುಡುಕ್ಯಾಡ್ಕೋತ ಬಂದಿದ್ದ. ಬಿಸಲಾಗ ಬಂದಿದ್ದ ಅಂತ ನಾನ ಚಹಾ ಕೊಟ್ಟೆ."

ಆಗಿದ್ದು ಇಷ್ಟು. ವೈನಿ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದ ಹೊತ್ತಿಗೆ ಪೊಲೀಸಿನವನು ಬಂದಿದ್ದ. ಪಾಸ್‌ಪೋರ್ಟಿನಲ್ಲಿದ್ದ ಹೆಸರು ಹೇಳಿ, ಈ ಹೆಸರಿನ ಫಾರಿನ್ ಹೆಂಗಸು ಈ ಮನೆಯಲ್ಲಿದ್ದಾಳೆಯೇ ಎಂದು ಕೇಳಿದ್ದ. ಆ ಹೆಸರು ಅವ್ವನ ಕಿವಿಗೆ ಎಂದೂ ಬಿದ್ದದ್ದಲ್ಲ. ಅಣ್ಣ ಫೋನಿನಲ್ಲಿ 'ಆ ಹುಡುಗಿ' ಎನ್ನುತ್ತಿದ್ದ. ಅಕ್ಕಿಯಲ್ಲಿ ಬರೆದ ಮೇಲೆ ಅವಳು ಎಲ್ಲರಿಗೂ ಅಕ್ಕಿಯ ಹೆಸರಿನವಳೇ ಆದಳು.

"ಹೆಸರು ಹೋಗಲಿ, ಫಾರಿನ್ ಹೆಂಗಸು ಅಂದನಲ್ಲ, ಅದರ ಮ್ಯಾಲರೆ ತಿಳೀಬಾರದೇನ?" ಎಂದೆ.

ಅವ್ವನಿಗೆ ನಿಜವಾಗಿ ಸಿಟ್ಟು ಬಂತು. "ನಮ್ಮ ಸೊಸಿ ಫಾರಿನ್ ಹೆಂಗಸೇನ? ಮನ್ಯಾಗ ರೊಟ್ಟಿ ಬಡಿಯಾಕಿ, ಹೊಸ್ತಿಲಕ್ಕ ರಂಗೋಲಿ ಹಾಕಾಕಿ, ಆಕಿ ಫಾರಿನ್ ಹೆಂಗಸೇನ? ಹಂಗ ಕೇಳಿದ್ರ ಹೂಂ ಅಂತ ಹೆಂಗ ಅನ್ಲಿ?"

ನನ್ನ ಭಾಷಣ ಅಲ್ಲಿಗೇ ಮುಗಿಯಿತು. ಅವ್ವ ಸೊಸೆಯನ್ನು ಇಲ್ಲ ಎಂದದ್ದು ಅವಳನ್ನು ಅಷ್ಟು ಪೂರ್ತಿಯಾಗಿ ತನ್ನವಳನ್ನಾಗಿ ಮಾಡಿಕೊಂಡಿದ್ದಕ್ಕೆ. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಪಕ್ಕದ ಕಿರಾಣಿ ಅಂಗಡಿಯ ಕಾಕಾನನ್ನೂ ಕೇಳಿದೆ. ನಾನು ಹುಟ್ಟುವ ಮೊದಲಿನಿಂದ ಅವರ ಅಂಗಡಿ ಅಲ್ಲಿದೆ. ರಂಜಾನಿನಲ್ಲಿ ಅವರ ಮನೆಯ ಶಾವಿಗೆಯ ಸುರಕುಂಬಾ ನಮ್ಮ ಮನೆಗೆ ಬರುತ್ತದೆ, ನಮ್ಮ ಹೋಳಿಗೆ ಅವರ ಮನೆಗೆ ಹೋಗುತ್ತದೆ. ಕಾಕಾ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ಖರೇ ಅಂದ್ರ ಆ ಹೆಸರ ನಾ ಕೇಳೇ ಇಲ್ಲವಾ. ಕೇಳಿದ್ರೂ ಹೇಳ್ತಿದ್ದಿಲ್ಲೇನೋ. ಪೊಲೀಸ್ ಒಬ್ಬ ಬಂದು ಓಣಿ ಹೆಣ್ಣಮಕ್ಕಳ ಹೆಸರ ಹಿಡದು ಕೇಳಾಕತ್ರ, ಅದಾಳ ತಗೋರಿ ಅಂತ ತೋರಸ್ಲೇನ?"

ಇಡೀ ಓಣಿಯೇ ಹೀಗೆ ಒಂದು ಸುಳ್ಳೂ ಹೇಳದೆ ವೈನಿಯನ್ನು ಇಲ್ಲದಂತೆ ಮಾಡಿಬಿಟ್ಟಿತ್ತು.

ಇನ್ನು ಮುಂದಿನ ಕೆಲಸ ಸ್ಪಷ್ಟವಿತ್ತು. ಪೊಲೀಸಿನವನು ಮತ್ತೆ ಬರುವಷ್ಟರಲ್ಲಿ ಎಲ್ಲರೂ ಪಾಸ್‌ಪೋರ್ಟಿನ ಹೆಸರು ಕಲಿಯಬೇಕು. ಕಾಕಾ ಆ ಹೆಸರನ್ನು ಅಗರಬತ್ತಿ ಡಬ್ಬಿಯ ರಟ್ಟಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ತಕ್ಕಡಿಯ ಹಿಂದೆ ಸಿಕ್ಕಿಸಿದರು. ಗಿರಾಕಿ ಇಲ್ಲದಾಗ ಜೋರಾಗಿ ಓದುತ್ತಿದ್ದರು. ಹೆಸರಿನಲ್ಲಿ ಮೂರು ತುಂಡುಗಳಿದ್ದವು, ಮೂರೂ ಚಿಕ್ಕವು. ಆದರೂ ನಮ್ಮ ಬಾಯಲ್ಲಿ ಅವು ಬೀದಿಗೆ ಬಿಟ್ಟ ಕೋಳಿಗಳ ಹಾಗೆ ಒಂದೊಂದು ಒಂದು ಕಡೆ ಓಡುತ್ತಿದ್ದವು. ವೈನಿ ಕಟ್ಟೆಯ ಮೇಲೆ ಕುಳಿತು ತಿದ್ದುತ್ತಿದ್ದಳು. "ಛಲೋ ಆತ್ರಿ. ದನಿ ಇನ್ನ ಸ್ವಲ್ಪ ಮ್ಯಾಲೆ ಏರಸ್ರಿ" ಎನ್ನುತ್ತಿದ್ದಳು. ನಾನು ತರಗತಿಯಲ್ಲಿ ಅಷ್ಟು ತಾಳ್ಮೆಯಿಂದ ಕಲಿಸಿದ್ದರೆ ನನ್ನ ಅರ್ಧ ವಿದ್ಯಾರ್ಥಿಗಳು ಈಗಾಗಲೇ ತಹಶೀಲ್ದಾರರಾಗಿರುತ್ತಿದ್ದರು.

ಅವ್ವ ಮಾತ್ರ ಬರಲಿಲ್ಲ. ಒಳಗೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಕೇಳಿದರೇ ಗೊತ್ತಾಗುತ್ತಿತ್ತು ಮನಸ್ಸು ಸರಿಯಿಲ್ಲ ಎಂದು. ಮನೆಯ ಯಜಮಾನ್ತಿ ಅವಳೇ, ಪೊಲೀಸಿನವನು ಮುಖ್ಯವಾಗಿ ಕೇಳುವುದು ಅವಳನ್ನೇ. ಅವಳು ಹೇಳದಿದ್ದರೆ ಓಣಿ ಹೇಳಿ ಪ್ರಯೋಜನವಿರಲಿಲ್ಲ. ನಾನು ಒಳಗೆ ಹೋಗಿ ಅವಳ ಮುಂದೆ ಕುಳಿತೆ.

"ಅಕ್ಕ್ಯಾಗ ಬರದ ಹೆಸರ ಬಿಟ್ಟು ಬ್ಯಾರೆ ಹೆಸರ ನನ್ನ ಬಾಯಿಲೆ ಬರಬಾರದು," ಎಂದಳು. "ಅದು ಮನಿಗೆ ಛಲೋ ಅಲ್ಲ. ನಮ್ಮತ್ತಿ ನನಗ ಹೇಳಿದ್ದು ಅದನ್ನ."

ಅವ್ವನ ಅತ್ತೆಯನ್ನು, ಅಂದರೆ ನನ್ನ ಅಜ್ಜಿಯನ್ನು, ನಾನು ಬಲ್ಲೆ. ಅವ್ವನಿಗೂ ತವರಿನಲ್ಲಿ ಬೇರೆ ಹೆಸರಿತ್ತು. ಪ್ರತಿ ವರ್ಷ ಪಂಚಮಿಗೆ ಅವಳನ್ನು ಕರೆದೊಯ್ಯಲು ಸೋದರಮಾವ ಬರುತ್ತಿದ್ದ. ಅಂಗಳದಲ್ಲಿ ನಿಂತು ಆ ಹೆಸರಿನಿಂದಲೇ ಕೂಗುತ್ತಿದ್ದ. ಅವ್ವ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು. ಅಜ್ಜಿ, "ಆ ಹೆಸರಿನಾಕಿ ನಮ್ಮ ಮನ್ಯಾಗ ಯಾರೂ ಇಲ್ಲಪಾ" ಎನ್ನುತ್ತಿದ್ದಳು, ನಗದೇ. ಮಾವ ತೀರಿಕೊಂಡ ಮೇಲೆ ಆ ಹೆಸರು ನಮ್ಮ ಅಂಗಳದಲ್ಲಿ ಕೇಳಿಸಿಲ್ಲ. ಅಜ್ಜಿ ಹೇಳುತ್ತಿದ್ದ ಮಾತನ್ನೇ ಅವ್ವ ಪೊಲೀಸಿನವನಿಗೆ ಹೇಳಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಅಷ್ಟರಲ್ಲಿ ವೈನಿ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಎಷ್ಟು ತಿಳಿಯಿತೋ.

"ಅತ್ತಿ," ಎಂದಳು, "ಆ ಅಕ್ಕಿ ನಾವು ಉಂಡೇವಲ್ರಿ. ಹೊಟ್ಯಾಗ ಐತ್ರಿ. ಅದು ಎಲ್ಲಿ ಹೋಗತೈತ್ರಿ?"

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಸುಟ್ಟ ವಾಸನೆ ಬಂದ ಮೇಲೆ ತೆಗೆದಳು. ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ನಾನು ಧಾರವಾಡದ ಬಸ್ಸು ಹಿಡಿದೆ.

ಪೊಲೀಸಿನವನು ಬರುವ ದಿನ ತಿಳಿದಿತ್ತು, ಹಾಗಾಗಿ ನಾನೂ ಬಂದಿದ್ದೆ. ಅದೇ ಮನುಷ್ಯ. ಮೊದಲು ಕಾಕಾನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಅವನು ಪ್ರಶ್ನೆ ಮುಗಿಸುವ ಮೊದಲೇ ಕಾಕಾ ಮೂರೂ ತುಂಡುಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಎದುರು ಮನೆಯಾಕೆಯೂ ಕೇಳದೆಯೇ ಹೇಳಿದಳು. ಪೊಲೀಸಿನವನಿಗೆ ಅನುಮಾನ ಬಂದಿರಬೇಕು, ಮುಖ ಬಿಗಿದುಕೊಂಡು ನಮ್ಮ ಬಾಗಿಲಿಗೆ ಬಂದ. ವೈನಿ ನನ್ನ ಹಿಂದೆ ನಿಂತು ನನ್ನ ಸೆರಗನ್ನು ಹಿಡಿದುಕೊಂಡಿದ್ದಳು. ಅವಳು ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ಈ ಮನ್ಯಾಗ ಯಾರ್ಯಾರು ಇರ್ತೀರ್ರಿ ಅಮ್ಮಾರ?"

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ತನ್ನ ಹೆಸರು ಹೇಳಿದಳು, ಅಣ್ಣನ ಹೆಸರು ಹೇಳಿದಳು. ಆಮೇಲೆ ತಿರುಗಿ ವೈನಿಯ ಕಡೆ ನೋಡಿದಳು.

"ಮತ್ತ ನಮ್ಮ ಸೊಸಿ," ಎಂದು, ವೈನಿಯ ತಂದೆ ಇಟ್ಟ ಹೆಸರನ್ನು ಪೂರ್ತಿಯಾಗಿ, ಏರಿಸುವಲ್ಲಿ ಏರಿಸಿ ಇಳಿಸುವಲ್ಲಿ ಇಳಿಸಿ ಹೇಳಿದಳು. ನಮ್ಮೆಲ್ಲರಿಗಿಂತ ಸರಿಯಾಗಿ. ಒಲೆಯ ಮುಂದೆ ಕುಳಿತು ಅದೆಷ್ಟು ಸಲ ಹೇಳಿಕೊಂಡಿದ್ದಳೋ ಏನೋ.

"ಹೋದ ಸಲ ಇಲ್ಲ ಅಂದಿದ್ರಿ?"

"ಆವಾಗ ನನಗ ಗೊತ್ತಿದ್ದಿಲ್ರಿ."

"ನಿಮ್ಮ ಸೊಸಿ ಹೆಸರ ನಿಮಗ ಗೊತ್ತಿದ್ದಿಲ್ಲೇನ್ರಿ?"

"ಇಲ್ರಿ," ಎಂದಳು ಅವ್ವ. "ನಾ ಕೇಳೇ ಇದ್ದಿಲ್ಲ."

ಅವನು ಬರೆದುಕೊಂಡ. ವೈನಿಯ ಮುಖವನ್ನು ಪಾಸ್‌ಪೋರ್ಟಿನ ಫೋಟೋದೊಂದಿಗೆ ಹೋಲಿಸಿದ. ಈ ಸಲವೂ ಚಹಾ ಕುಡಿದ, ಜೊತೆಗೆ ಅವಲಕ್ಕಿ ತಿಂದ. ಹೋಗುವಾಗ ವೈನಿ, "ಮತ್ತ ಬರ್ರಿ" ಎಂದಳು. ಪೊಲೀಸರಿಗೆ ಹಾಗೆ ಹೇಳಬಾರದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವನು ಮಾತ್ರ ನಕ್ಕು ಗಾಡಿ ಚಾಲೂ ಮಾಡಿದ.

ಪರವಾನಗಿ ಈಮೇಲಿನಲ್ಲಿ ಬಂತು. ವೈನಿ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಕಾಕಾನ ಅಂಗಡಿಗೆ ಓಡಿದ್ದನ್ನು ಓಣಿಯವರು ಇನ್ನೂ ನೆನೆಸುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದೆವು. ಆಗ ಅದು ನಿಜಕ್ಕೂ ಕಾರ್ಡಿನ ಹಾಗೆ ಕಂಡಿತು. ಅಣ್ಣನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದರೆ ಅವನು ಯಂತ್ರದ ಸದ್ದಿನ ನಡುವೆ, ಹತ್ತಿರ ಹಿಡಿ ಎಂದು ಕೂಗಿದ. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಇಂಗ್ಲಿಷ್ ಅವಳಿಗೆ ಓದಲು ಬರುವುದಿಲ್ಲ.

"ಇದರಾಗ ಹೆಸರ ಎಲ್ಲೈತಿ?"

ನಾನು ಬೆರಳಿಟ್ಟು ತೋರಿಸಿದೆ. ಅವಳು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. "ತವರಿನ ಹೆಸರು. ಸರಕಾರದವರು ಹಂಗ ಉಳಿಸ್ಯಾರ. ಇರಲಿ, ಛಲೋ ಆತು" ಎಂದು ಕಾರ್ಡನ್ನು ವೈನಿಗೆ ಕೊಟ್ಟು ಒಲೆಯ ಕಡೆ ತಿರುಗಿದಳು.

ವೈನಿ ಅಲ್ಲಿಯೇ ನೆಲದ ಮೇಲೆ ಕುಳಿತಳು. "ಅತ್ತಿ, ನಿಮ್ಮ ತವರಮನಿ ಹೆಸರ ಏನ್ರಿ? ನಾನೂ ಕೇಳಿಲ್ರಿ."

ಅವ್ವ ಹಿಟ್ಟು ನಾದುತ್ತಲೇ ಇದ್ದಳು. ಹೇಳುವುದಿಲ್ಲ ಎಂದುಕೊಂಡೆ. ಆಮೇಲೆ, ಯಾರಿಗೋ ಉಪ್ಪು ಎಲ್ಲಿದೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ, ಹೇಳಿದಳು.

ಸೊಸೆ ಅತ್ತೆಯ ಹೆಸರು ಹಿಡಿಯಬಾರದು ಎಂಬುದನ್ನೂ ಯಾರೂ ವೈನಿಗೆ ಹೇಳಿರಲಿಲ್ಲ. ಅವಳು ಆ ಹೆಸರನ್ನು ಜೋರಾಗಿ, ಕೊನೆಗೊಂದು 'ರಿ' ಹಚ್ಚಿ, ಅಂಗಳದಿಂದ ಕೂಗುವವರ ಹಾಗೆ ಕರೆದುಬಿಟ್ಟಳು.

"ಹುಚ್ಚಿ, ಅತ್ತಿ ಹೆಸರ ಹಿಡದು ಕರೀತಾರೇನ?" ಎಂದು ಅವ್ವ ಗದರಿದಳು. ಕೈ ಹಿಟ್ಟಿನಲ್ಲೇ ಇತ್ತು. ನನ್ನ ಕಡೆ ನೋಡಲಿಲ್ಲ, ವೈನಿಯ ಕಡೆಯೂ ನೋಡಲಿಲ್ಲ.

ಮತ್ತೆ ಹಿಟ್ಟು ನಾದುತ್ತ, "ಇನ್ನೊಮ್ಮೆ ಕರಿ" ಎಂದಳು.

ವೈನಿ ಕರೆದಳು. ಅವ್ವ "ಓ" ಎಂದಳು.